ನೆಲ ನೋಡಿಕೊಂಡು ನಡೆಯಬೇಡ ಪುಟ್ಟಿ

ಲೆಸ್ಟರ್
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೇರಿತು. ಕೆಲಸ, ಬಾಡಿಗೆ ಮನೆ, ವೀಸಾ ಎಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಮತ್ತೆ ಕೇಳುವುದಿಲ್ಲ. ಲಂಡನ್ನಿನ ಬೀದಿಯಲ್ಲಿ ಕಳ್ಳ ನಿನ್ನ ಫೋನು ಕಿತ್ತುಕೊಂಡು ಹೋಗಿದ್ದೂ ಗೊತ್ತಿತ್ತು. ಆದರೆ ಚಳಿಯ ವಿಷಯ ಬರೆಯುತ್ತಾ ನಡುವೆ ಒಂದು ಮಾತು ಹಾಕಿದ್ದೀಯ ನೋಡು: "ಈಗ ದಾರಿಯಲ್ಲಿ ಯಾರ ಮುಖವನ್ನೂ ನೋಡಲ್ಲ ದೊಡ್ಡಮ್ಮ, ನೆಲ ನೋಡಿಕೊಂಡು ಹೋಗಿ ಬಂದುಬಿಡ್ತೀನಿ." ಅದಾದ ಮೇಲೆ ಮತ್ತೆ ಹೀಟರ್ ಬಿಲ್ಲಿನ ಮಾತು. ನಿನಗೆ ಅದು ದೊಡ್ಡ ವಿಷಯ ಅನ್ನಿಸಿಲ್ಲ. ನನಗೆ ಮಾತ್ರ ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಅದೇ ಸಾಲು ಓದಿದೆ.

ಫೋನು ಹೋದರೆ ಹೋಗಲಿ, ಇನ್ನೊಂದು ತಗೊಳ್ಳಬಹುದು. ನಿನ್ನ ಕಣ್ಣು ನೆಲಕ್ಕೆ ಇಳಿಯಿತಲ್ಲ, ನನ್ನ ಭಯ ಅದು.

"ಅವನು ನನ್ನನ್ನೇ ಗುರಿ ಮಾಡಿಕೊಂಡು ಬಂದ" ಎಂದು ಬರೆದಿದ್ದೀಯ. ಇಲ್ಲ ಕಣೇ. ಅವನಿಗೆ ನಿನ್ನ ಬಣ್ಣವೂ ಬೇಕಿರಲಿಲ್ಲ, ಊರೂ ಬೇಕಿರಲಿಲ್ಲ. ಅವನು ನೋಡಿದ್ದು ನಿನ್ನ ಕೈಯಲ್ಲಿದ್ದ ಫೋನನ್ನು. ಲಂಡನ್ನಿನಲ್ಲಿ 2020ರಲ್ಲಿ ಕಳುವಾದ ಫೋನು ಸುಮಾರು 28,000. 2024ರಲ್ಲಿ ಅದು 80,000 ದಾಟಿತು. ಒಂದೇ ಗುಂಪು 40,000ದವರೆಗೂ ಫೋನುಗಳನ್ನು ಚೀನಾಕ್ಕೆ ಸಾಗಿಸಿರಬಹುದು ಎಂದು ಪೊಲೀಸರೇ 2025ರಲ್ಲಿ ಹೇಳಿದರು. ಎಲೆಕ್ಟ್ರಿಕ್ ಬೈಕಿನ ಮೇಲೆ ಮುಖ ಮುಚ್ಚಿಕೊಂಡು ಬರುವ ಆ ಹುಡುಗ ಬರೀ ಕೂಲಿ, ಹಿಂದೆ ನಡೆಯುವುದು ದೊಡ್ಡ ವ್ಯಾಪಾರ. ಪ್ರವಾಸಿಗರದ್ದೂ ಹೋಗುತ್ತದೆ, ವಕೀಲರದ್ದೂ ಹೋಗುತ್ತದೆ, ಇಲ್ಲೇ ಹುಟ್ಟಿ ಬೆಳೆದ ಇಂಗ್ಲಿಷರ ಮಕ್ಕಳದ್ದೂ ಹೋಗುತ್ತದೆ. "ನಾನು ಇಲ್ಲಿಯವಳಲ್ಲ, ಅದಕ್ಕೇ ನನಗೆ ಹೀಗಾಯಿತು" ಎನ್ನುವ ಯೋಚನೆ ಒಳಗೆ ಇಳಿಯಲು ಬಿಡಬೇಡ. ಅದು ಇಳಿದ ಮೇಲೆಯೇ ತಲೆ ತಗ್ಗುವುದು.

ನಿನ್ನ ಉಳಿದ ದೂರುಗಳಿಗೆ ನಾನು ಎದುರಾಡುವುದಿಲ್ಲ. ರೈಲಿನಲ್ಲಿ ಹೆಡ್‌ಫೋನ್ ಹಾಕದೆ ಜೋರಾಗಿ ವಿಡಿಯೋ ನೋಡುವವರು ನನಗೂ ಆಗುವುದಿಲ್ಲ. ಸೀಟಿನ ಮೇಲೆ ಶೂ ಕಾಲು ಇಡುತ್ತಾರೆ. ಹೇಳಿದರೆ ಜಗಳಕ್ಕೆ ಬರುತ್ತಾರೆ ಅಂತ ಯಾರೂ ಹೇಳುವುದಿಲ್ಲ. ಬಸ್ ಸ್ಟಾಪಿನ ಕ್ಯೂ ಎಂದೋ ಹೋಯಿತು. ನಾನು ಬಂದ ಕಾಲದಲ್ಲಿ ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಿದ್ದ, ಪುಂಡರನ್ನು ಗದರಲು ಒಬ್ಬ ಮನುಷ್ಯ ಇರುತ್ತಿದ್ದ. ಕಂಡಕ್ಟರ್ ಇದ್ದ ಹಳೇ ರೂಟ್‌ಮಾಸ್ಟರ್ ಬಸ್ಸುಗಳನ್ನು ಲಂಡನ್ನಿನ ಮಾಮೂಲು ರೂಟುಗಳಿಂದ 2005ರ ಕೊನೆಗೆ ತೆಗೆದುಬಿಟ್ಟರು. ಹಣ ಉಳಿಯಿತು ಅಂತಾರೆ. ಏನು ಹೋಯಿತು ಅಂತ ಯಾರೂ ಲೆಕ್ಕ ಇಡಲಿಲ್ಲ.

ಮೊನ್ನೆ ಇಲ್ಲಿನ ಅಂಗಡಿಯಲ್ಲಿ ನನ್ನ ಕಣ್ಣೆದುರೇ ಒಬ್ಬ ದೊಡ್ಡ ಚೀಲ ಬಿಚ್ಚಿ, ಕಾಫಿ ಬಾಟಲಿಗಳ ಸಾಲನ್ನು ಮೊಣಕೈಯಿಂದ ಒಂದೇ ಸಲಕ್ಕೆ ಒಳಗೆ ತಳ್ಳಿಕೊಂಡ. ಓಡಲೂ ಇಲ್ಲ, ನಡೆದುಕೊಂಡೇ ಹೋದ. ಕೌಂಟರಿನಲ್ಲಿದ್ದ ಹುಡುಗಿ ಎರಡೂ ಕೈ ಮೇಜಿನ ಮೇಲೆ ಊರಿಕೊಂಡು ಸುಮ್ಮನೆ ನೋಡಿದಳು. ತಡೆಯಲು ಹೋಗಬೇಡಿ, ಚಾಕು ಇದ್ದರೂ ಇರಬಹುದು ಎಂದು ಅವರಿಗೆ ಹೇಳಿದ್ದಾರಂತೆ. ಬೆಣ್ಣೆಗೂ ಮಾಂಸಕ್ಕೂ ಅಲಾರಂ ಕಟ್ಟಿ ಇಡುವ ಕಾಲ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ಪುಸ್ತಕಕ್ಕೆ ಬಂದ ಅಂಗಡಿ ಕಳವುಗಳೇ 2024ರಲ್ಲಿ 5 ಲಕ್ಷ ದಾಟಿದವು. 200 ಪೌಂಡಿಗಿಂತ ಕಡಿಮೆ ಬೆಲೆಯ ಅಂಗಡಿ ಕಳವನ್ನು 2014ರಲ್ಲಿ ಕೆಳಗಿನ ಕೋರ್ಟಿನ ಸಣ್ಣ ಅಪರಾಧ ಮಾಡಿದರು. ಅಲ್ಲಿಂದಲೇ ಭಯ ಹೋಯಿತು ಅಂತ ಅಂಗಡಿಯವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ನಿನಗೆ ಬಂದ ಹಾಗೆ ದೂರಿನ ಒಂದು ನಂಬರ್ ಕಳಿಸಿ ಕೇಸು ಮುಚ್ಚಿದರೆ ಜನಕ್ಕೆ ಪೊಲೀಸರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ನಿನಗೆ ಸಿಟ್ಟು ಬಂದಿದ್ದು ನ್ಯಾಯವೇ.

ಹಾಗಂತ "ಈ ದೇಶ ಹಾಳಾಗಿ ಹೋಯಿತು, ಹಿಂದೆ ಚೆನ್ನಾಗಿತ್ತು" ಎನ್ನುವವರ ಮಾತು ಪೂರ್ತಿ ನಂಬಬೇಡ. ಮನೆಮನೆಗೆ ಕೇಳಿ ಮಾಡುವ ಸರ್ವೆ ಒಂದಿದೆ. ಅದರ ಪ್ರಕಾರ ಇಲ್ಲಿ ಅಪರಾಧ ಅತಿ ಜಾಸ್ತಿ ಇದ್ದಿದ್ದು 1995ರ ಸುಮಾರಿಗೆ. ಮನೆಗಳ್ಳತನ ಆಗಿನದಕ್ಕಿಂತ ಅರ್ಧಕ್ಕೂ ಕೆಳಗೆ ಇಳಿದಿದೆ. ಕಣ್ಣಿಗೆ ಕಾಣುವ ಕಳವು ಮಾತ್ರ ಏರಿದೆ, ಬೀದಿಯಲ್ಲಿ, ಅಂಗಡಿಯಲ್ಲಿ, ಎಲ್ಲರ ಎದುರು. ಅದಕ್ಕೇ ಭಯ ಜಾಸ್ತಿ.

ಆ ಹಿಂದಿನ ಕಾಲ ನಾನು ನೋಡಿದ್ದೇನೆ ಪುಟ್ಟಿ. ನಿಮ್ಮಮ್ಮ ಇನ್ನೂ ತಿಪಟೂರಿನಲ್ಲಿ ಸ್ಕೂಲಿಗೆ ಹೋಗುತ್ತಿದ್ದಳು, ನಾನು ಇಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಲಂಡನ್ನಿನ ಸೌತಾಲ್ ಹತ್ತಿರ ಹಾಸ್ಟೆಲ್. 1979ರ ಏಪ್ರಿಲ್ 23, ವಲಸೆ ಬಂದವರನ್ನು ಓಡಿಸಬೇಕು ಎನ್ನುವ ನ್ಯಾಷನಲ್ ಫ್ರಂಟ್ ಪಕ್ಷದವರು ಸೌತಾಲ್ ಟೌನ್ ಹಾಲಿನಲ್ಲಿ ಸಭೆ ಇಟ್ಟುಕೊಂಡಿದ್ದರು. ಅಷ್ಟೊಂದು ಪಂಜಾಬಿಗಳು ಇರುವ ಊರಿಗೇ ಬಂದು! ಮಧ್ಯಾಹ್ನಕ್ಕೇ ಅಂಗಡಿಗಳ ಬಾಗಿಲು ಬಿದ್ದವು. ವಿರೋಧಿಸಲು ಬಂದವರಲ್ಲಿ ಬ್ಲೇರ್ ಪೀಚ್ ಎಂಬ ಮೇಷ್ಟ್ರು, ನ್ಯೂಜಿಲೆಂಡಿನವರು, ತಲೆಗೆ ಏಟು ಬಿದ್ದು ಸತ್ತರು. ಏಟು ಕೊಟ್ಟಿದ್ದು ಪೊಲೀಸರೇ ಇರಬೇಕು ಎಂದು ಪೊಲೀಸರದ್ದೇ ಒಳತನಿಖೆ ಹೇಳಿತ್ತು, ಆ ವರದಿ ಹೊರಗೆ ಬಂದಿದ್ದು 2010ರಲ್ಲಿ. ನಮ್ಮವರಿಗೋಸ್ಕರ ನಿಂತ ಬಿಳಿಯ ಮನುಷ್ಯ. ಆಗ ನನಗೆ ಅದು ಹೊಳೆಯಲಿಲ್ಲ. ನನಗೆ ಕಂಡಿದ್ದು ಬರೀ ಭಯ.

ಅದಕ್ಕೂ ಸ್ವಲ್ಪ ಮುಂಚೆ ಒಬ್ಬ ಹುಡುಗ ನನ್ನ ಕೋಟಿನ ಮೇಲೆ ಉಗುಳಿದ್ದ. ಮನೆಗೆ ಬರೆಯಲಿಲ್ಲ. ಬರೆದಿದ್ದರೆ ಅಪ್ಪ ವಾಪಸ್ ಕರೆಸಿಕೊಳ್ಳುತ್ತಿದ್ದರು. ಆಮೇಲೆ ನಾನೂ ನೆಲ ನೋಡಿಕೊಂಡೇ ನಡೆಯಲು ಶುರು ಮಾಡಿದೆ. ನಿನ್ನ ಕಾಗದದಲ್ಲಿ ನನ್ನದೇ ಮಾತು ಓದಿದ ಹಾಗಾಯಿತು. ಅದಕ್ಕೇ ಕೈ ನಡುಗಿದ್ದು.

ಒಂದು ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ 207 ನಂಬರ್ ಬಸ್ಸಿನ ಸ್ಟಾಪಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ಇರುತ್ತಿದ್ದಳು. ನಾನು ಬಂದ ಕೂಡಲೇ ಬೆಂಚಿನಲ್ಲಿ ಸರಿದು ಜಾಗ ಬಿಡುತ್ತಿದ್ದಳು. ಕಂದು ಬಣ್ಣದ ಕೈಗವಸು, ಹೆಬ್ಬೆರಳಿನ ಹತ್ತಿರ ನೀಲಿ ಉಣ್ಣೆಯಲ್ಲಿ ಹೊಲಿದಿದ್ದಳು. ಕರಿ ಶೂ, ಬಲಗಾಲಿನ ಹಿಮ್ಮಡಿ ಒಂದು ಕಡೆ ಸವೆದಿತ್ತು. ಏನೋ ಮಾತಾಡುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಒಂದು ಚಳಿಗಾಲ ಪೂರ್ತಿ ಹೀಗೇ ಹೋಯಿತು. ಆಮೇಲೆ ಅವಳು ಬರಲಿಲ್ಲ. ಊರು ಬಿಟ್ಟಳೋ, ಕಾಯಿಲೆಯೋ, ಯಾರನ್ನು ಕೇಳುವುದು? ಹೆಸರು ಗೊತ್ತಿಲ್ಲ. ಮುಖ ನೆನಪಿಗೆ ಬರುವುದೇ ಇಲ್ಲ. ನೋಡಿದ್ದರೆ ತಾನೇ ನೆನಪಿಗೆ ಬರುವುದು. ಉಗುಳಿದ ಹುಡುಗನ ಮುಖ ಇವತ್ತಿಗೂ ಸ್ಪಷ್ಟವಾಗಿದೆ, ಅವಳದ್ದು ಇಲ್ಲ. ಇಷ್ಟು ವರ್ಷ ಕಳೆದರೂ ಈ ಅನ್ಯಾಯ ನನ್ನನ್ನು ಬಿಟ್ಟಿಲ್ಲ.

ನಿನಗೆ ಹೀಗಾಗಬಾರದು. ಅಷ್ಟೇ ನಾನು ಹೇಳಬೇಕಾಗಿದ್ದು. ಉಳಿದಿದ್ದೆಲ್ಲ ಸುಮ್ನೆ ಬರೆಯುತ್ತಿದ್ದೇನೆ, ಬುದ್ಧಿ ಹೇಳುತ್ತಾಳೆ ಅಂತ ಬೇಸರ ಮಾಡಿಕೊಳ್ಳಬೇಡ.

ಲಂಡನ್ನಿನಲ್ಲಿ ನೀನಿರುವ ವಾಲ್ಥಮ್‌ಸ್ಟೋವನ್ನೇ ತಗೋ. ನೀನು ಇನ್ನೂ ಬಂದಿರಲಿಲ್ಲ. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟಿನಲ್ಲಿ ಮೂರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಮಾಡಿದವನು ವಲಸೆ ಬಂದವನು ಎಂದು ಸುಳ್ಳು ಹಬ್ಬಿ ಊರೂರಲ್ಲಿ ಗಲಭೆ ಎದ್ದಿತು. ಆಶ್ರಯ ಕೇಳಿ ಬಂದವರಿದ್ದ ಹೋಟೆಲಿಗೆ ಬೆಂಕಿ ಇಡಲು ನೋಡಿದರು. ಇಲ್ಲಿ ನನಗೆ ಮತ್ತೆ 1979 ಬಂದಂತಾಯಿತು, ಬಾಗಿಲಿಗೆ ಎರಡು ಚಿಲಕ ಹಾಕಿದೆ. ಆಗಸ್ಟ್ 7ರ ಸಂಜೆ ವಾಲ್ಥಮ್‌ಸ್ಟೋಗೂ ಅವರು ಬರುತ್ತಾರೆ ಅಂತ ಸುದ್ದಿ. ಬಂದವರು ಯಾರು ಗೊತ್ತಾ? ನಿನ್ನ ಹೋ ಸ್ಟ್ರೀಟಿನ ಜನ. ಸಾವಿರಾರು ಜನ, ಎಲ್ಲ ಬಣ್ಣದವರು, ಮುದುಕರು, ಕಾಲೇಜು ಮಕ್ಕಳು, ರಸ್ತೆ ತುಂಬ ನಿಂತುಬಿಟ್ಟರು. ಗಲಭೆ ಮಾಡುವವರ ಸುಳಿವೇ ಇರಲಿಲ್ಲ. ಟಿವಿಯಲ್ಲಿ ನೋಡುತ್ತಾ ನಾನು ಅತ್ತೆ. ಈಗ ನೀನು ತಲೆ ತಗ್ಗಿಸಿ ದಾಟುತ್ತೀಯಲ್ಲ, ಅದೇ ರಸ್ತೆ. ಎದುರು ಬರುವವರಲ್ಲಿ ಆವತ್ತು ಅಲ್ಲಿ ನಿಂತವರೂ ಇರುತ್ತಾರೆ. ಮುಖ ನೋಡದಿದ್ದರೆ ಹೇಗೆ ಗೊತ್ತಾಗಬೇಕು?

ಈ ಲೆಸ್ಟರ್ ಕೂಡ ಹಾಗೆಯೇ. 1972ರಲ್ಲಿ ಉಗಾಂಡದಿಂದ ಓಡಿಸಿದ ಏಷ್ಯಾ ಮೂಲದವರಿಗೆ "ನಮ್ಮಲ್ಲಿಗೆ ಬರಬೇಡಿ" ಅಂತ ಇಲ್ಲಿನ ಕೌನ್ಸಿಲ್ ಅಲ್ಲಿನ ಪೇಪರಿನಲ್ಲೇ ಜಾಹೀರಾತು ಕೊಟ್ಟಿತ್ತು. ಆದರೂ ಬಂದರು, ಅಂಗಡಿ ಹಾಕಿದರು. ಈಗ ಬೆಲ್‌ಗ್ರೇವ್ ರೋಡಿನ ದೀಪಾವಳಿ ದೀಪಗಳನ್ನು ಅದೇ ಕೌನ್ಸಿಲ್ ಹಾಕಿಸುತ್ತದೆ. ಊರುಗಳು ಬದಲಾಗುತ್ತವೆ, ನಿಧಾನವಾಗಿ.

ದೀಪಾವಳಿ ಅಂದಾಗ ನೆನಪಾಯಿತು, ಬಳೆ, ಸರ ಎಲ್ಲ ಮನೆಯಲ್ಲಿ ಇಟ್ಟುಕೊಳ್ಳಬೇಡ. ನಮ್ಮವರ ಮನೆಯಲ್ಲಿ ಬಂಗಾರ ಇರುತ್ತದೆ ಅಂತ ಕಳ್ಳರಿಗೆ ಗೊತ್ತು. ಹಬ್ಬದ ಹೊತ್ತಿಗೆ ಪೊಲೀಸರು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ. ನನ್ನ ಲಾಕರಿನಲ್ಲಿ ಜಾಗ ಇದೆ. ಅಮ್ಮ ಕೊಟ್ಟಿದ್ದನ್ನು ನಾನು ಇಟ್ಟುಕೊಳ್ಳುತ್ತೇನೆ ಅಂತ ತಪ್ಪು ತಿಳಿಯಬೇಡ ಮತ್ತೆ.

ಹೊಸ ಫೋನಿನಲ್ಲಿ *#06# ಒತ್ತಿದರೆ ಆ ಫೋನಿನ ಗುರುತಿನ ಒಂದು ಉದ್ದ ನಂಬರ್ ಬರುತ್ತದೆ, ಕಾಗದದ ಮೇಲೆ ಬರೆದಿಡು, ಫೋನಿನೊಳಗೇ ಬರೆದಿಟ್ಟರೆ ಏನು ಪ್ರಯೋಜನ. ದಾರಿ ನೋಡಬೇಕಾದರೆ ಫುಟ್‌ಪಾತಿನ ಅಂಚಿಗೆ ನಿಲ್ಲದೆ, ಯಾವುದಾದರೂ ಅಂಗಡಿ ಒಳಗೆ ಹೋಗಿ ನೋಡು. ಬ್ಯಾಂಕಿನ ವಿಷಯದಲ್ಲಿ ಏನಾದರೂ ಅನುಮಾನ ಬಂದರೆ 159ಕ್ಕೆ ಫೋನ್ ಮಾಡು. ರೈಲಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ 61016ಕ್ಕೆ ಮೆಸೇಜ್ ಕಳಿಸಬಹುದು, ರೈಲ್ವೆ ಪೊಲೀಸರು ನೋಡುತ್ತಾರೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಹೇಳದೇ ಇರಲು ಮನಸ್ಸು ಬರಲಿಲ್ಲ.

ಎಲ್ಲರನ್ನೂ ದಿಟ್ಟಿಸಿ ನೋಡು ಅಂತ ನಾನು ಹೇಳುತ್ತಿಲ್ಲ. ಕತ್ತಲಾದ ಮೇಲೆ ಹುಷಾರಾಗಿರಬೇಕು, ಅದು ತಿಪಟೂರಾದರೂ ಅಷ್ಟೇ. ಆದರೆ ಬಸ್ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಅನ್ನು. ಮೂಲೆ ಅಂಗಡಿಯವನಿಗೆ ಒಂದು ಮಾತು. ನೀನು ಚಿಕ್ಕವಳಿದ್ದಾಗ ನಾನು ಊರಿಗೆ ಬಂದರೆ, ನೀನು ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ "ಯಾವೂರು ನಿಮ್ದು?" ಅಂತ ಕೇಳುತ್ತಿದ್ದೆ, ನೆನಪಿದೆಯಾ? ಅವರು ಇಳಿದು ಹೋದ ಮೇಲೂ ಕಿಟಕಿಯಿಂದ ಕೈ ಬೀಸುತ್ತಿದ್ದೆ. ಆ ಮಗು ಇಂಗ್ಲೆಂಡಿಗೆ ಬಂದು ಕಣ್ಣು ಕೆಳಗೆ ಹಾಕಿತು ಅಂದರೆ ನನ್ನಿಂದ ತಡೆಯಲು ಆಗುವುದಿಲ್ಲ. ನನಗೆ ಹಾಗೆ ಕಳೆದುಹೋದ ವರ್ಷಗಳು ವಾಪಸ್ ಸಿಗಲಿಲ್ಲ. ನಿನ್ನದು ಈಗಷ್ಟೇ ಶುರುವಾಗಿದೆ.

ನೀನು ನೆಲ ನೋಡಿಕೊಂಡು ನಡೆಯುವ ವಿಷಯ ನಿಮ್ಮಮ್ಮನಿಗೆ ನಾನು ಹೇಳಿಲ್ಲ, ನೀನೂ ಈಗಲೇ ಹೇಳಬೇಡ. ಅಲ್ಲಿ ಕೂತು ಒದ್ದಾಡುತ್ತಾಳೆ.

ಮುಂದಿನ ಶನಿವಾರ ರಜೆ ಇದ್ದರೆ ಬಂದುಬಿಡು. ಸೇಂಟ್ ಪ್ಯಾಂಕ್ರಸ್‌ನಿಂದ ಒಂದೂಕಾಲು ಗಂಟೆಯ ರೈಲು, ಟಿಕೆಟ್ಟು ಮುಂಚೆಯೇ ತಗೋ, ಆಮೇಲೆ ತಗೊಂಡರೆ ದುಡ್ಡು ಜಾಸ್ತಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅವರೆಕಾಳು ಬಂದಿದೆ ಇಲ್ಲಿ, ಹುಳಿ ಮಾಡುತ್ತೇನೆ. ನನ್ನ ಹಳೇ ಫೋನು ಚಾರ್ಜ್ ಮಾಡಿ ಇಟ್ಟಿದ್ದೇನೆ, ಹೊಸದು ಬರುವವರೆಗೆ ಅದನ್ನೇ ಇಟ್ಟುಕೋ.

ನಿನ್ನ
ದೊಡ್ಡಮ್ಮ