ಸದಸ್ಯರ ಗಮನಕ್ಕೆ: ಭಾನುವಾರದ ಚರ್ಚೆಯ ವಿಷಯ

ಆತ್ಮೀಯರೇ, ಈ ಭಾನುವಾರ ಮಡಿಕೇರಿಯಲ್ಲಿ ಸೇರಿದಾಗ, ಸರ್ಕಾರಗಳು ಮಾನವ ಹಕ್ಕುಗಳ ಟೀಕೆಯನ್ನು ಪ್ರಚಾರದಿಂದ ಹೇಗೆ ಬದಿಗೆ ಸರಿಸುತ್ತವೆ ಎಂಬುದನ್ನು ಚರ್ಚಿಸೋಣ. ಹಾಕಿಯನ್ನು ಮನೆತನಗಳ ಹಬ್ಬವಾಗಿಸಿಕೊಂಡ ಕೊಡಗಿನವರಾದ ನಮಗೆ ಆಟದ ಸಂಭ್ರಮದ ಬಲ ಗೊತ್ತಿರುವುದರಿಂದಲೇ, ಅದರ ದುರುಪಯೋಗ ನನ್ನನ್ನು ಬಹಳ ಕಾಡುತ್ತದೆ. ಸೇನಾಡಳಿತದ ಅರ್ಜೆಂಟೀನಾ 1978ರಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಸಿದಾಗ, ಬ್ಯೂನಸ್ ಐರಿಸ್‌ನ ಫೈನಲ್ ಕ್ರೀಡಾಂಗಣದಿಂದ ಕೂಗಳತೆಯ ದೂರದ ನೌಕಾಪಡೆಯ ಶಾಲೆಯಲ್ಲಿ ಚಿತ್ರಹಿಂಸೆಗೆ ಒಳಗಾಗಿದ್ದ ಬಂಧಿತರ ಕಿವಿಗೂ ಗೋಲಿನ ಕೇಕೆ ಬೀಳುತ್ತಿತ್ತು. ಅದೇ ಆಡಳಿತ ಅಮೆರಿಕದ ಪ್ರಚಾರ ಸಂಸ್ಥೆಯೊಂದನ್ನೂ ನೇಮಿಸಿಕೊಂಡಿತ್ತು. 1979ರಲ್ಲಿ ಅಮೆರಿಕ ಖಂಡಗಳ ದೇಶಗಳ ಒಕ್ಕೂಟಕ್ಕೆ ಸೇರಿದ ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ಬಂದಾಗ, ಕಾರುಗಳಿಗೆ ಅಂಟಿಸಲು ದೇಶಾಭಿಮಾನದ ಸ್ಟಿಕ್ಕರ್‌ಗಳು ಹಂಚಿಕೆಯಾದವು. ಆದರೂ ಸೇನಾಡಳಿತ ಹಿಡಿದೊಯ್ದ ಮೇಲೆ ಕಣ್ಮರೆಯಾದವರ ಬಂಧುಗಳು ದೂರು ಕೊಡಲು ಸಾಲುಗಟ್ಟಿ ನಿಂತರು. ಆಯೋಗದ 1980ರ ವರದಿಯನ್ನು ದಯವಿಟ್ಟು ಓದಿಕೊಂಡು ಬನ್ನಿ.