ಶಿವೂನ ಗುಳಿಗೆ ನಿಲ್ಲಿಸಬೇಡ

ಅವ್ವಾ,

ನಮಸ್ಕಾರ. ನಾನು ಆರಾಮ ಇದ್ದೇನೆ. ಅಪ್ಪ, ಅಜ್ಜಿ, ಗೌರಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಶಿವೂ ಆರಾಮ ಆಗಿದ್ದಾನೆ, ಇನ್ನು ವಿಲ್ಸನ್ ಕಾಯಿಲೆಯ ಗುಳಿಗೆ ಬಿಡಿಸಿ ಭಸ್ಮ ಕೊಡೋಣ ಅಂತ ಬೆಟಗೇರಿ ಕಾಕಾ ಹೇಳಿದರಂತೆ. ಬೇಡವ್ವಾ. ಕೈಮುಗಿಯುತ್ತೇನೆ, ಒಂದು ದಿನವೂ ತಪ್ಪಿಸಬೇಡ. ಅವನು ಆರಾಮ ಆಗಿದ್ದೇ ಆ ಗುಳಿಗೆಯಿಂದ. ತಾವಾಗಿ ನಿಲ್ಲಿಸಿದವರ ಲಿವರ್ ಪೂರ್ತಿ ಕೆಟ್ಟು ಜೀವಕ್ಕೇ ಬಂದದ್ದಿದೆ. ಇನ್ನು ಭಸ್ಮ! ಕೆಲವದರಲ್ಲಿ ಅವನಿಗೆ ವಿಷವಾದ ತಾಮ್ರವೇ ಇರುತ್ತದೆ, ಸೀಸ, ಪಾದರಸವೂ ಇರುತ್ತವೆ.

ವಿಲ್ಸನ್ ಕಾಯಿಲೆ ಅಂದರೇನು ಅಂತ ಕೇಳಿದ್ದೀ. ನಾವು ತಿನ್ನುವ ಕಾಳುಕಡಿಯಲ್ಲೆಲ್ಲ ಚೂರು ತಾಮ್ರ ಇರುತ್ತದೆ. ಜಾಸ್ತಿ ಆದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಹಾಗೆ ದೂಡುವ ಪ್ರೋಟೀನು ಶಿವೂಗೆ ಹುಟ್ಟಿನಿಂದಲೇ ಸರಿಯಿಲ್ಲ. ತಾಮ್ರ ಲಿವರಿನಲ್ಲೇ ಕೂತು, ಅಲ್ಲಿ ತುಂಬಿದ ಮೇಲೆ ರಕ್ತಕ್ಕೆ, ಮಿದುಳಿಗೆ ಹೋಗುತ್ತದೆ. ಅವನ ಕಣ್ಣಿನ ಕಪ್ಪಿನ ಸುತ್ತ ಕಂದು ಬಳೆ ಕಂಡಿತ್ತಲ್ಲ, ಅದೂ ತಾಮ್ರವೇ. ಪೆನಿಸಿಲಮೈನ್ ಗುಳಿಗೆಯಲ್ಲಿ ಗಂಧಕ ಇದೆ. ಅದು ತಾಮ್ರವನ್ನು ಗಟ್ಟಿ ಹಿಡಿದು ಮೂತ್ರದಲ್ಲಿ ಹೊರಗೆ ತರುತ್ತದೆ. ಇಂಥ ಮದ್ದಿಗೆ ಇಂಗ್ಲಿಷಿನಲ್ಲಿ ಕೀಲೇಟರ್ ಅನ್ನುತ್ತಾರೆ, ಆ ಹೆಸರು ಏಡಿಯ ಇಕ್ಕಳಕ್ಕಿರುವ ಗ್ರೀಕ್ ಪದದಿಂದ ಬಂದದ್ದು. ಹಳ್ಳದಲ್ಲಿ ಶಿವೂನ ಹೆಬ್ಬೆರಳು ಹಿಡಿದ ಏಡಿ ನೆನಪಿದೆಯಾ? ಅಪ್ಪ ಅದರ ಕಾಲು ಮುರಿದ ಮೇಲೇ ಬಿಟ್ಟಿತು. ಹಾಗೆ ಹಿಡಿಯುತ್ತದೆ. 1956ರಲ್ಲೇ ಜಾನ್ ವಾಲ್ಷ್ ಎಂಬ ಇಂಗ್ಲೆಂಡಿನ ಡಾಕ್ಟರು ಇದನ್ನು ಕೊಟ್ಟು ತೋರಿಸಿದರು. ಅಪ್ಪ ಹುಟ್ಟುವ ಮುಂಚಿನ ಮದ್ದು, ಹೊಸ ಪ್ರಯೋಗ ಅಲ್ಲ.

ರೊಟ್ಟಿ ತಿಂದ ಕೂಡಲೇ ಗುಳಿಗೆ ಕೊಡುತ್ತೀಯಂತೆ. ಬರಿಹೊಟ್ಟೆಯಲ್ಲಿ ಕೊಡಬೇಕು, ಊಟಕ್ಕೆ 1 ತಾಸು ಮುಂಚೆ, ಇಲ್ಲವೇ 2 ತಾಸು ಬಿಟ್ಟು. ತಾಮ್ರದ ಕೊಡದ ನೀರು ಅವನಿಗೆ ಬೇಡ, ಸ್ಟೀಲ್ ಪಾತ್ರೆಯದು ಕೊಡು. ಎಳ್ಳು, ಶೇಂಗಾ ಹಿಂಡಿ ಸದ್ಯಕ್ಕೆ ಕಡಿಮೆ ಇರಲಿ. ರಕ್ತ, ಮೂತ್ರದ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗುವುದು ತಪ್ಪಬಾರದು.

ಇಲ್ಲಿ ಜರ್ಮನಿಯಲ್ಲಿ ಬಹಳ ಜನ ನಲ್ಲಿ ನೀರನ್ನೇ ಸುಮ್ನೆ ಕುಡಿಯುತ್ತಾರೆ. ನನ್ನ ಮನೆಯ ಪೈಪು ತಾಮ್ರದ್ದು. ರಾತ್ರಿ ನಿಂತ ನೀರು ಹರಿದು, ನಲ್ಲಿ ತಣ್ಣಗಾದ ಮೇಲೇ ಮನೆಯೊಡತಿ ಲೋಟ ಹಿಡಿಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನಮ್ಮ ಕೊಡ ಕಣ್ಣಿಗೆ ಬರುತ್ತದೆ.

ಗೌರಿಗೂ ಪರೀಕ್ಷೆ ಮಾಡಿಸು. ಒಡಹುಟ್ಟಿದವರಿಗೆ ಈ ಕಾಯಿಲೆ ಇರುವ ಸಾಧ್ಯತೆ 4ರಲ್ಲಿ 1 ಪಾಲು. ಮೊದಲೇ ಗೊತ್ತಾಗಿ ಮದ್ದು ತಪ್ಪದೆ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ, ಮದುವೆಗೂ ಅಡ್ಡಿಯಿಲ್ಲ. ಹೆದರಬೇಡ. ದುಡ್ಡಿನ ಚಿಂತೆಯೂ ಬೇಡ, ಸೋಮವಾರ ಕಳಿಸುತ್ತೇನೆ. ಕಾಕಾನ ಜೊತೆ ನಾನೇ ಮಾತಾಡುತ್ತೇನೆ.

ಟ್ರಾಮಿಗೆ ಹೊತ್ತಾಯಿತು. ಇವತ್ತಿನ ಗುಳಿಗೆ ಕೊಟ್ಟೆಯಾ? ಬರೆ.

ನಿನ್ನ ಮಗ,
ಮಂಜು