ಬಾವಿ ಬತ್ತಿದ ಮನೆಯ ಅವ್ವನಿಗೂ, ನಿಮಗೆಲ್ಲರಿಗೂ

ಡೇರಿಯ ಬೀಗದ ಕೈ ಹೊಸ ಕಾರ್ಯದರ್ಶಿಗೆ ಕೊಟ್ಟು ಇವತ್ತಿಗೆ ಹನ್ನೊಂದು ದಿನ. ಬೀಳ್ಕೊಡುಗೆಯ ದಿನ ನೀವೆಲ್ಲ ಸೇರಿ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಮಡಿಲು ತುಂಬಿದಿರಿ. ಮೈಕು ಕೈಗೆ ಬಂತು. 'ಎಲ್ಲರಿಗೂ ನಮಸ್ಕಾರ' ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು, ಕೂತುಬಿಟ್ಟೆ. 29 ವರ್ಷ ಬೆಳಿಗ್ಗೆ ಸಂಜೆ ಎರಡು ಹೊತ್ತೂ ನಿಮ್ಮ ಜೊತೆ ಮಾತಾಡಿದವಳಿಗೆ ಆವತ್ತು ಒಂದು ಮಾತೂ ಹೊರಡಲಿಲ್ಲ. ಅದು ಬಾಕಿಯಾಗಿ ಉಳಿಯಬಾರದು ಅಂತ ಬರೆಯುತ್ತಿದ್ದೇನೆ. ಬೆಂಗಳೂರಿಗೆ, ಮೈಸೂರಿಗೆ ಕೆಲಸಕ್ಕೆ ಹೋಗಿರುವ ನಮ್ಮ ಊರಿನ ಮಕ್ಕಳೂ ಓದಿ. ಇದು ನಿಮ್ಮ ಅವ್ವಂದಿರ ವಿಷಯವೇ.

ಮಂಡ್ಯ ಜಿಲ್ಲೆ ಅಂದರೆ ಹೊರಗಿನವರಿಗೆ ಕಬ್ಬು, ಗದ್ದೆ, ನಾಲೆ ನೀರು ಕಣ್ಣ ಮುಂದೆ ಬರುತ್ತದೆ. ನಾಗಮಂಗಲ ತಾಲ್ಲೂಕಿನ ನಮ್ಮ ಕಡೆ ರಾಗಿ, ಹುರುಳಿ, ತೆಂಗು. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ನಮಗೆ ಹಸುವೇ ನಾಲೆ. 1996ರಲ್ಲಿ ಹಾಲು ಒಕ್ಕೂಟದವರು, ಹೆಂಗಸರಿಗೆ ತರಬೇತಿ ಕೊಟ್ಟು ಉದ್ಯೋಗ ಮಾಡಿಕೊಡುವ ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯಲ್ಲಿ ನಮ್ಮೂರಿಗೆ ಮಹಿಳಾ ಡೇರಿ ಮಾಡಿಕೊಡುತ್ತೇವೆ ಅಂತ ಬಂದಾಗ, ಲೆಕ್ಕ ಬರೆಯೋಕೆ ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೇಕು ಅಂದರು. ಊರಲ್ಲಿ ಸೊಸೆಯಾಗಿ ಬಂದವರಲ್ಲಿ ಆಗ ನಾವಿದ್ದದ್ದು ಮೂರು ಜನ. ಒಬ್ಬರ ಮನೆಯಲ್ಲಿ ಬೇಡ ಅಂದರು, ಇನ್ನೊಬ್ಬರು ಬಸುರಿ. ನಮ್ಮತ್ತೆ ಮಾತ್ರ, 'ಮಗೀನ ನಾನ್ ನೋಡ್ಕತೀನಿ, ನೀನು ಹೋಗು' ಅಂದರು. ನನ್ನ ಮೊದಲ ಕೃತಜ್ಞತೆ ನಮ್ಮತ್ತೆಗೆ. ಅವರಿಗೆ ಓದು ಬರಹ ಇರಲಿಲ್ಲ, ಆದರೂ ನನ್ನ ಮೊದಲ ತಿಂಗಳ ಲೆಕ್ಕದ ಪುಸ್ತಕವನ್ನು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರು.

ತರಬೇತಿಯಲ್ಲಿ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನ ಅಂಶ, ಅಳೆಯುವುದನ್ನು ಹೇಳಿಕೊಟ್ಟ ಮೇಷ್ಟ್ರನ್ನು ನೆನೆಯದೆ ಇರಲಾರೆ. ಈಗಿನ ಹಾಗೆ ಹಾಲು ಇಟ್ಟ ಕ್ಷಣಕ್ಕೆ ಅಂಕಿ ತೋರಿಸುವ ಯಂತ್ರ ಆಗ ಇರಲಿಲ್ಲ. ಬ್ಯುಟಿರೋಮೀಟರ್ ಅನ್ನುವ ಗಾಜಿನ ಕೊಳವೆಗೆ ಮೊದಲು 10 ಎಂ.ಎಲ್. ಆಸಿಡ್ಡು, ಆಮೇಲೆ 10.75 ಎಂ.ಎಲ್. ಹಾಲು, ಕೊನೆಗೆ 1 ಎಂ.ಎಲ್. ಅಮೈಲ್ ಆಲ್ಕೋಹಾಲ್. ಹಾಲನ್ನು ಗಾಜಿನ ಗೋಡೆಗುಂಟ ನಿಧಾನವಾಗಿ ಇಳಿಸಬೇಕು. ಆತುರಪಟ್ಟರೆ ಹಾಲು ಸುಟ್ಟು ಕಪ್ಪಾಗಿ, ಕೊನೆಯಲ್ಲಿ ಫ್ಯಾಟಿನ ಗೆರೆ ಕಾಣದೇ ಹೋಗುತ್ತದೆ. ಬಿರಡೆ ಹಾಕಿ ಅಲುಗಾಡಿಸುವಾಗ ಕೊಳವೆ ಕೈ ಸುಡುವಷ್ಟು ಕಾಯುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಮೊದಲ ವಾರ ಆಸಿಡ್ಡಿನ ಹನಿ ಬಿದ್ದು ನನ್ನ ಸೀರೆಯ ಸೆರಗಲ್ಲಿ ಮೂರು ತೂತು. ಮೇಷ್ಟ್ರು ಬೈಯಲಿಲ್ಲ. 'ಇದರ ಮುಂದೆ ನಿಂತಾಗ ಮನೆ ಯೋಚನೆ ಹೊರಗೆ ಬಿಟ್ಟು ಬಾಮ್ಮ' ಅಂದರು. ಆ ಕೊಳವೆ ಹಿಡಿಯುವುದು ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಮನಸ್ಸು ಕೆಟ್ಟಾಗ, ಯಾರಿಗಾದರೂ ಗಟ್ಟಿ ಮಾತು ಆಡಬೇಕು ಅನಿಸಿದಾಗ, ಗೋಡೆಗುಂಟ ಇಳಿಯುವ ಹಾಲು ಕಣ್ಣಿಗೆ ಕಟ್ಟುತ್ತದೆ.

ಆದರೆ ಕಣ್ಣಿಗೆ ಕಟ್ಟುವುದಕ್ಕೂ ಬದುಕಿಗೆ ಇಳಿಯುವುದಕ್ಕೂ ನಡುವೆ ಎಂಟು ವರ್ಷ ಹಿಡಿಯಿತು. ಇದನ್ನು ಹೇಳದೆ ನಿಮಗೆ ಕೃತಜ್ಞತೆ ಹೇಳಿದರೆ ಅದು ಅರ್ಧವಾದೀತು.

2004ರ ಬೇಸಿಗೆ. ಒಂದರ ಹಿಂದೆ ಒಂದು ಬರ ಬಂದು ಊರೇ ಒಣಗಿತ್ತು. ಹುಲ್ಲಿನ ಮೆದೆಗಳು ನೆಲಕ್ಕೆ ಇಳಿದಿದ್ದವು. ಹುಣಸೆಮರದ ಮನೆ ಅವ್ವ ಎಂದಿನಂತೆ ಸ್ಟೀಲ್ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಬಂದರು. ಗಂಡ ತೀರಿಹೋಗಿ ಬಹಳ ವರ್ಷ, ಮನೆಯಲ್ಲಿ ಇದ್ದದ್ದು ಒಂದೇ ಸೀಮೆ ಹಸು. ಹಾಲು ಎಷ್ಟು ಗಟ್ಟಿ ಅಂತ ಡಿಗ್ರಿಯಲ್ಲಿ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟೆ. ಸಾಮಾನ್ಯವಾಗಿ 27, 28 ಬರುವ ಡಿಗ್ರಿ 22ಕ್ಕೆ ನಿಂತಿತು. ಸೆಕೆಗೆ ಹಾಲು ಬಿಸಿ ಇರುತ್ತದೆ ಅಂತ ಲೆಕ್ಕ ತಿದ್ದಿದರೂ 23 ದಾಟಲಿಲ್ಲ. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು, ವ್ಯಾನು ಬರುವ ಹೊತ್ತು. ನಾನು ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಅಂದೆ: 'ಅವ್ವಾ, ನೀರು ಜಾಸ್ತಿ ಆಗೈತೆ. ಇದು ಆಗಲ್ಲ.'

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವ್ವ ಪಾತ್ರೆಯನ್ನು ವಾಪಸು ತಗೊಂಡರು. ತಟ್ಟೆ ಮುಚ್ಚಿದರು. ಹೊರಡುವ ಮುಂಚೆ ನನ್ನ ಮುಖ ನೋಡಿ ಮೆಲ್ಲಗೆ ಅಂದದ್ದು ಇಷ್ಟೇ: 'ನಮ್ಮನೆ ಬಾವಿ ಬತ್ತಿ ಮೂರ್ ತಿಂಗಳಾಯ್ತು ಕಣ್ ಮಗಾ. ಕುಡಿಯೋಕೇ ನೀರಿಲ್ಲ. ಹಾಲಿಗೆ ಎಲ್ಲಿಂದ ತರ್ಲಿ?'

ಎರಡು ದಿನ ಅವ್ವ ಬರಲಿಲ್ಲ. ಮೂರನೆಯ ದಿನ ಪಶುವೈದ್ಯರು ರೂಟಿನ ಮೇಲೆ ಬಂದಾಗ, ಹೀಗೊಂದು ಹಾಲು ವಾಪಸು ಕಳಿಸಿದೆ ಅಂತ ಹೇಳಿದೆ. ಸರಿ ಮಾಡಿದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ: 'ಕೊಟ್ಟಿಗೆಗೆ ಹೋಗಿ ಎದುರಿಗೆ ಕರೆಸಿ ನೋಡಿದ್ರಾ?' ನೋಡಿರಲಿಲ್ಲ. ಅದು ತರಬೇತಿಯಲ್ಲಿ ಹೇಳಿಕೊಟ್ಟ ಪಾಠವೇ. ಅನುಮಾನ ಬಂದರೆ ಹಸುವಿನ ಹತ್ತಿರ ಹೋಗಬೇಕು, ನಮ್ಮ ಕಣ್ಣೆದುರು ಕರೆದ ಹಾಲನ್ನೇ ಅಳೆಯಬೇಕು. ಅವಸರದಲ್ಲಿ ನಾನು ಅದನ್ನು ಬಿಟ್ಟಿದ್ದೆ.

ಆವತ್ತು ಸಂಜೆ ಇಬ್ಬರೂ ಹೋದೆವು. ಅವ್ವ ಒಂದು ಮಾತೂ ಆಡದೆ ಕೆಚ್ಚಲು ಒರೆಸಿ ಕರೆಯಲು ಕೂತರು. ಕರೆದ ತಕ್ಷಣ ಅಳೆಯೋಕೆ ಹೋದ ನನ್ನನ್ನು ಡಾಕ್ಟ್ರು ತಡೆದರು. ಹೊಸದಾಗಿ ಕರೆದ ಹಾಲಿನಲ್ಲಿ ಗಾಳಿ ಸೇರಿರುತ್ತದೆ, ಡಿಗ್ರಿ ಕಮ್ಮಿ ತೋರಿಸುತ್ತದೆ, ನೊರೆ ಇಳಿದು ತಣಿಯಲಿ ಅಂದರು. ಅರ್ಧ ಗಂಟೆ ಆ ಕೊಟ್ಟಿಗೆಯಲ್ಲಿ ಕೂತೆ. ಆ ಅರ್ಧ ಗಂಟೆ ಅವ್ವ ಹಸುವಿನ ಗಂಗೆದೊಗಲು ಸವರುತ್ತಾ ನಿಂತಿದ್ದರು. ಲ್ಯಾಕ್ಟೋಮೀಟರ್ ಬಿಟ್ಟಾಗ ಮತ್ತೆ 23. ಒಂದು ತೊಟ್ಟು ನೀರು ಸೇರದ ಹಾಲು ಅದು.

ಡಾಕ್ಟ್ರು ಒಂದೊಂದೇ ಮೊಲೆತೊಟ್ಟಿನ ಹಾಲನ್ನು ಕಪ್ಪು ತಟ್ಟೆಯ ಮೇಲೆ ಕರೆದು, ದೀಪದ ಬೆಳಕಿಗೆ ಓರೆಯಾಗಿ ಹಿಡಿದರು. ಮೂರರಲ್ಲಿ ಹಾಲು ನುಣ್ಣಗೆ ಹರಿಯಿತು. ಹಿಂದಿನ ಬಲಗಡೆಯದರಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಬಿಳಿ ಚೂರುಗಳು. ಕೆಚ್ಚಲು ಬಾವು. ಮೇಲೆ ನೋಡಿದರೆ ಊತವಿಲ್ಲ, ಕೆಂಪಿಲ್ಲ, ಹಸು ಒದೆಯುತ್ತಿರಲಿಲ್ಲ. ಒಳಗೇ ಇರುವ ಬಾವು ಹಾಲಿನ ಸಕ್ಕರೆಯನ್ನು ಕಮ್ಮಿ ಮಾಡಿ ಡಿಗ್ರಿ ಇಳಿಸುತ್ತದೆ, ಜೊತೆಗೆ ಬರದಲ್ಲಿ ಒಣ ಹುಲ್ಲು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿಲ್ಲ ಅಂತ ಡಾಕ್ಟ್ರು ವಿವರಿಸಿದರು. ನಾನು ನೀರು ಅಂದದ್ದು ಒಂದು ಮೂಕ ಪ್ರಾಣಿಯ ನೋವನ್ನು. ಅದರ ಮೇಲೆ ಒಬ್ಬ ಮುದುಕಿಯ ಮಾನವನ್ನು.

ಕೊಟ್ಟಿಗೆಯಲ್ಲೇ ಕಾಲು ಮುಟ್ಟಿ ಕ್ಷಮೆ ಕೇಳಬಹುದಿತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಸಾಲಿನಲ್ಲಿ ಆಡಿದ ಮಾತನ್ನು ಸಾಲಿನಲ್ಲೇ ವಾಪಸು ತಗೋಬೇಕು ಅನಿಸಿತು. ಔಷಧಿಯ ದಿನಗಳೂ, ಹಾಲು ಹಾಕಬಾರದು ಅಂತ ಡಾಕ್ಟ್ರು ಹೇಳಿದ್ದ ದಿನಗಳೂ ಕಳೆದು ಅವ್ವ ಮತ್ತೆ ಬಂದ ಬೆಳಿಗ್ಗೆ, ಅಳತೆ ನಿಲ್ಲಿಸಿ ಎದ್ದು ನಿಂತು ಎಲ್ಲರೆದುರು ಹೇಳಿದೆ: 'ಅವ್ವನ ಹಾಲಲ್ಲಿ ನೀರಿರಲಿಲ್ಲ. ಹಸುಗೆ ಹುಷಾರಿರಲಿಲ್ಲ. ನೋಡದೆ ಮಾತಾಡಿದ್ದು ನನ್ನ ತಪ್ಪು.' ನಿಮ್ಮಲ್ಲಿ ಕೆಲವರು ಆವತ್ತು ಅಲ್ಲಿದ್ದಿರಿ. ಅವ್ವ ಪಾತ್ರೆ ಮುಂದಕ್ಕೆ ತಳ್ಳಿ, 'ಆಯ್ತು ಬುಡು, ಅಳತೆ ಹಾಕು, ವ್ಯಾನ್ ಬಂದ್ಬುಡ್ತದೆ' ಅಂದರು.

ಆಮೇಲಿನ 21 ವರ್ಷ ಸಾಲಿನಲ್ಲಿ ಯಾರ ಡಿಗ್ರಿಯನ್ನೂ ನಾನು ಕೂಗಿ ಹೇಳಲಿಲ್ಲ. ನೀರು ಹಾಕಿದವರೂ ಇದ್ದರು, ಇಲ್ಲ ಅನ್ನುವುದಿಲ್ಲ. ಅವರ ಮನೆಗೂ ಹೋದೆ. ಅಲ್ಲೂ ಏನೋ ಒಂದು ಇರುತ್ತಿತ್ತು, ಸಂಘದ ಸಾಲದ ಕಂತೋ, ಮಗಳ ಬಾಣಂತನವೋ. ಹಾಲು ಹಾಲಾಗಿಯೇ ಇರಬೇಕು, ಅದರಲ್ಲಿ ರಿಯಾಯಿತಿ ಕೊಡಲಿಲ್ಲ. ಮಾತನ್ನು ಮಾತ್ರ ಕೊಟ್ಟಿಗೆಯ ನೆರಳಲ್ಲಿ ಆಡಿದೆ. ಮಗ ಒಂಬತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿ ಬಂದಾಗಲೂ ಬಾಯಿಗೆ ಬಂದ ಬೈಗುಳ ನುಂಗಿ ಅವನ ಪಕ್ಕ ಕೂತೆ. ಬೋರ್ಡಿನ ಮೇಲಿನದು ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ಆರು ತಿಂಗಳಿಂದ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ. ಮಂಡ್ಯದಲ್ಲಿ ಕನ್ನಡಕ ಮಾಡಿಸಿದೆವು. ಅದಕ್ಕೂ ನಾನು ಆ ಅವ್ವನಿಗೇ ಋಣಿ.

2013ರ ಕಾಲುಬಾಯಿ ಜ್ವರದ ದಿನಗಳನ್ನು ಉದ್ದಕ್ಕೆ ಬರೆಯಲಾರೆ. ದಕ್ಷಿಣದ ಜಿಲ್ಲೆಗಳ ಊರೂರಲ್ಲಿ ಹಸುಗಳು ಸತ್ತವು, ನಮ್ಮೂರೂ ಹೊರತಲ್ಲ. ಕ್ಯಾನುಗಳು ಅರ್ಧಕ್ಕೆ ನಿಂತವು. ಒಂದು ಬೆಳಿಗ್ಗೆ, ಹಿಂದಿನ ದಿನವಷ್ಟೇ ಹಸು ಮಣ್ಣು ಮಾಡಿದ್ದ ಒಬ್ಬ ಅಕ್ಕ ಖಾಲಿ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಸರದಿ ಬಂದಾಗ ಪಾತ್ರೆ ನೋಡಿಕೊಂಡರು, ನನ್ನನ್ನು ನೋಡಿದರು. ಎದ್ದಾಗ ಕಾಲು ಇಲ್ಲಿಗೇ ನಡೆದುಬಿಟ್ಟಿದೆ. ನನಗೂ ಮಾತಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡೆ. ಅಳತೆ ಮುಗಿಯುವವರೆಗೆ ಅವರು ಅಲ್ಲೇ ಕೂತಿದ್ದರು, ಮರುದಿನವೂ ಬಂದು ಕೂತರು. ಹೆಚ್ಚು ಕಮ್ಮಿ ಒಂದು ತಿಂಗಳು ಬಂದರು, ಚೀಟಿ ಬರೆಯೋಕೆ ಕೈಜೋಡಿಸಿದರು. ಸಮಾಧಾನ ಹೇಳಲು ಬಾರದಿದ್ದರೂ ಜಾಗ ಕೊಡಬಹುದು ಅಂತ ನನಗೆ ತೋರಿಸಿಕೊಟ್ಟ ಆ ಅಕ್ಕನಿಗೆ ನನ್ನ ನಮಸ್ಕಾರ. 2022ರಲ್ಲಿ ಚರ್ಮಗಂಟು ರೋಗ ಬಂದಾಗ, ಹಸು ಕಳಕೊಂಡವರನ್ನು ಡೇರಿಗೆ ಕರೆತಂದು ಕೂರಿಸಿದ್ದು ನಾನಲ್ಲ, ಅವರೇ.

ಇನ್ನೂ ಎಷ್ಟೋ ಜನ. ಲಾಕ್‌ಡೌನಿನಲ್ಲಿ ರಸ್ತೆಯೆಲ್ಲ ಮುಚ್ಚಿದ್ದಾಗಲೂ ಹೊತ್ತು ತಪ್ಪದೆ ಬಂದ ವ್ಯಾನಿನ ಡ್ರೈವರಣ್ಣ. 40 ಲೀಟರಿನ ಕ್ಯಾನುಗಳನ್ನು 18 ವರ್ಷ ಎತ್ತಿ ಇಳಿಸಿ ಸೊಂಟ ಸವೆಸಿಕೊಂಡ ನಮ್ಮ ಸಹಾಯಕಿ ತಂಗಿ. ಬಟವಾಡೆಯ ಲೆಕ್ಕದಲ್ಲಿ ಒಮ್ಮೆ 1,840 ರೂಪಾಯಿ ನನ್ನ ಕೈಯಿಂದ ತಪ್ಪಿದಾಗ, 'ನೀನೇ ಬಂದು ಹೇಳಿದ್ಯಲ್ಲ, ಇನ್ನೊಂದ್ಸಲ ಕೂಡು, ಸಿಕ್ತದೆ' ಅಂದು ರಾತ್ರಿ ಹತ್ತರವರೆಗೆ ಜೊತೆಯಲ್ಲಿ ಕೂತ ಆಗಿನ ಅಧ್ಯಕ್ಷರು (ಸಿಕ್ಕಿತು, ಒಬ್ಬರ ಹೆಸರಿನ ಮುಂದೆ ಎರಡು ಸಲ ಬರೆದಿದ್ದೆ). ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5ಕ್ಕೆ ಏರಿತು. ಅದು ನೇರ ಖಾತೆಗೆ ಬೀಳುವ ಕಾಲ ಬಂದಾಗ, ಹೆಬ್ಬೆಟ್ಟು ಬಿಟ್ಟು ಸಹಿ ಕಲಿಯುತ್ತೇವೆ ಅಂತ ಸಂಜೆ ಅಳತೆ ಮುಗಿದ ಮೇಲೆ ಉಳಿದುಕೊಂಡ ನೀವು ಒಂಬತ್ತು ಜನ. ಪಾಸ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ನಿಮ್ಮ ಹೆಸರನ್ನು ನೀವೇ ಬರೆದ ದಿನ ನನಗೆ ಎಷ್ಟು ಸಂತೋಷವಾಗಿತ್ತು ಅಂತ ಆವತ್ತು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಇನ್ನು ನಮ್ಮ ಯಜಮಾನರು. 29 ವರ್ಷ ನಾನು ಬೆಳಗಿನ ಕಾಫಿ ಕಾಸಿಲ್ಲ, ಅದನ್ನು ಅವರು ಒಮ್ಮೆಯೂ ಆಡಿ ತೋರಿಸಿಲ್ಲ.

ಹುಣಸೆಮರದ ಮನೆ ಅವ್ವ 2017ರಲ್ಲಿ ತೀರಿಕೊಂಡರು. ಇದನ್ನು ಅವರು ಓದಲಾರರು, ಇದ್ದಿದ್ದರೂ ನಾನೇ ಓದಿ ಹೇಳಬೇಕಿತ್ತು. ಅವರ ಮೊಮ್ಮಗನ ಹೆಂಡತಿ ಈಗ ಎರಡು ಹಸು ಕಟ್ಟಿದ್ದಾಳೆ. ಅದೇ ಸ್ಟೀಲ್ ಪಾತ್ರೆ, ಅದೇ ತಟ್ಟೆ.

ಮೊನ್ನೆಯಿಂದ ನಾನೂ ಪಾತ್ರೆ ಹಿಡಿದು ಬರುತ್ತಿದ್ದೇನೆ. ನಮ್ಮ ಮನೆ ಹಸು ಕರು ಹಾಕಿ ಗಿಣ್ಣು ಕಳೆಯಿತು. ನೀವೆಲ್ಲ 'ಅಕ್ಕಾ, ಮುಂದೆ ಬನ್ನಿ' ಅಂತ ದಾರಿ ಬಿಟ್ಟಿರಿ. ನಾನು ಹಿಂದೆಯೇ ನಿಂತೆ, ನಿಮ್ಮ ಬೆನ್ನುಗಳನ್ನು ಈ ಕಡೆಯಿಂದ ನೋಡಿದ್ದು ಇದೇ ಮೊದಲು. ಸರದಿ ಬಂತು. ಹೊಸ ಕಾರ್ಯದರ್ಶಿ ಹುಡುಗಿ ಯಂತ್ರಕ್ಕೆ ಹಾಲು ಇಟ್ಟಳು, ಅಂಕಿ ನೋಡಿದಳು, ಬಾಯಿ ಬಿಟ್ಟು ಏನೂ ಹೇಳದೆ ಚೀಟಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಹಿಂದಿನವರ ಪಾತ್ರೆ ಮುಂದಕ್ಕೆ ಬಂತು.